ಈರ್ಯಾಸಮಿತಿ ಮತ್ತು ಮುಂದಿನ ಚಕ್ರದ ಬ್ರೇಕು

ಐದು ಸಮಿತಿಗಳಲ್ಲಿ ಮೊದಲನೆಯದಾದ ಈರ್ಯಾಸಮಿತಿಯನ್ನು ವಿವರಿಸುವಾಗ ನಮ್ಮ ಆಚಾರ್ಯರು ಒಂದು ಅಳತೆಯನ್ನು ಹೇಳುತ್ತಾರೆ. ನಡೆಯುವ ಮುನಿಯ ದೃಷ್ಟಿ ತನ್ನ ಮುಂದಿನ ಒಂದು ಯುಗದಷ್ಟು ನೆಲದ ಮೇಲೆ ನೆಟ್ಟಿರಬೇಕು ಎಂಬುದೇ ಆ ಅಳತೆ. ಯುಗವೆಂದರೆ ನೊಗ, ನೊಗದ ಉದ್ದ ನಾಲ್ಕು ಮೊಳ. ನಮ್ಮ ಲೆಕ್ಕದಲ್ಲಿ ಸುಮಾರು ಆರು ಅಡಿ. ಇಷ್ಟೇ ಏಕೆ ಎಂದು ನಾನು ಅನೇಕ ಸಲ ಯೋಚಿಸಿದ್ದುಂಟು. ನನಗೆ ತೋಚಿದ ಉತ್ತರವಿದು: ಕಾಲ್ನಡಿಗೆಯವನು ಒಂದು ಇರುವೆಯ ಸಾಲನ್ನು ಕಂಡ ಮೇಲೆ ಎತ್ತಿದ ಹೆಜ್ಜೆಯನ್ನು ಹಿಂದಕ್ಕೆ ಪಡೆಯಲು ನಾಲ್ಕು ಮೊಳದ ಅವಕಾಶ ಧಾರಾಳವಾಗಿ ಸಾಕು. ಅದಕ್ಕಿಂತ ಸಮೀಪ ನೋಡಿದರೆ ನಿಲ್ಲಲಾಗದು. ಬಹಳ ದೂರ ನೋಡಿದರೆ ಪಾದದ ಬುಡದ ಜೀವ ಕಾಣದು. ಎಂದರೆ, ನೋಡುವ ಅಳತೆಗೂ ನಿಲ್ಲುವ ಅಳತೆಗೂ ಒಂದು ಹೊಂದಾಣಿಕೆ ಇರಬೇಕು. ಎಷ್ಟು ದೂರದಲ್ಲಿ ನಿಲ್ಲಬಲ್ಲೆವೋ ಅಷ್ಟು ದೂರವನ್ನು ನಾವು ಹೊಣೆಯಿಂದ ನೋಡಲೇಬೇಕು.

ಈ ಸಮಿತಿ ಮಹಾವ್ರತಿಗಳಿಗೆ ಹೇಳಿದ್ದು, ಶ್ರಾವಕರಾದ ನಮಗೇನು ಎಂದು ಕೇಳುವವರಿದ್ದಾರೆ. ಆದರೆ ಅಣುವ್ರತಿಯೂ ದಾರಿಯಲ್ಲಿ ನಡೆಯುತ್ತಾನೆ. ಈಗಂತೂ ನಡೆಯುವುದಕ್ಕಿಂತ ಹೆಚ್ಚಾಗಿ ಗಾಡಿಯ ಮೇಲೆ ಓಡುತ್ತಾನೆ. ಓಡುವವನ ನಾಲ್ಕು ಮೊಳ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಹಾಕಿ ನೋಡುವುದು ವ್ಯಾಪಾರಿಯಾದ ನನಗೆ ಸಹಜವೇ ಆಗಿದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಮೋಟಾರ್ ಸೈಕಲ್ಲು ಒಂದು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಅಡ್ಡ ಬಂದುದನ್ನು ಕಣ್ಣು ಕಂಡು, ಮನಸ್ಸು ತಿಳಿದು, ಕೈ ಬ್ರೇಕು ಹಿಡಿಯುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದೇ ಹೋಗುತ್ತದೆ. ಆಮೇಲೆ, ಎರಡೂ ಬ್ರೇಕು ಚೆನ್ನಾಗಿದ್ದು ರಸ್ತೆ ಒಣಗಿದ್ದರೆ, ಇನ್ನು 23 ಮೀಟರಿನಲ್ಲಿ ಗಾಡಿ ನಿಲ್ಲಬಹುದು. ಒಟ್ಟು 40 ಮೀಟರು. ಮೊಳದಲ್ಲಿ ಹೇಳುವುದಾದರೆ ಎಂಬತ್ತಕ್ಕೂ ಮೇಲೆ. ಬ್ರೇಕಿನ ಬಲ ಅರ್ಧಕ್ಕೆ ಇಳಿದರೆ ಆ 23 ಮೀಟರು 46 ಆಗುತ್ತದೆ. ಇದಕ್ಕಿಂತಲೂ ಗಾಬರಿ ಹುಟ್ಟಿಸುವ ಇನ್ನೊಂದು ಲೆಕ್ಕವಿದೆ. ಒಳ್ಳೆಯ ಬ್ರೇಕಿನ ಗಾಡಿ ಪೂರ್ತಿಯಾಗಿ ನಿಂತ ಸ್ಥಳದಲ್ಲಿ, ಅರ್ಧ ಬಲದ ಬ್ರೇಕಿನ ಗಾಡಿ ಇನ್ನೂ ಗಂಟೆಗೆ ಸುಮಾರು 42 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಆ ಸ್ಥಳದಲ್ಲಿ ಒಂದು ಕುರಿಮರಿಯೋ ಶಾಲೆಯಿಂದ ಬರುವ ಮಗುವೋ ಇದ್ದರೆ ಏನಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬ್ರೇಕಿನಲ್ಲಿಯೂ ಮುಂದಿನ ಚಕ್ರದ ಬ್ರೇಕು ಹೆಚ್ಚಿನದು ಎಂಬುದು ನಮ್ಮ ಭಾಗದ ಅನೇಕರಿಗೆ ತಿಳಿಯದ ಸಂಗತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಗಾಡಿ ಕಲಿಸುವ ಹಿರಿಯರು ಮೊದಲು ಹೇಳುವ ಮಾತೇ “ಮುಂದಿನ ಬ್ರೇಕ ಹಿಡೀಬ್ಯಾಡ, ಪಲ್ಟಿ ಹೊಡೀತಿ” ಎಂದು. ಮರಳು, ಜಲ್ಲಿ, ತಿರುವುಗಳಲ್ಲಿ ಈ ಎಚ್ಚರಿಕೆಗೆ ಅರ್ಥವಿದೆ. ಆದರೆ ನೆಟ್ಟನೆಯ ಡಾಂಬರು ರಸ್ತೆಯಲ್ಲಿ ಗಾಡಿಯ ವೇಗ ಕಡಿಮೆಯಾಗುತ್ತಿದ್ದಂತೆ ಅದರ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರ ನೆಲವನ್ನು ಒತ್ತಿ ಹಿಡಿಯುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರವನ್ನು ಎಷ್ಟು ಬಿಗಿಹಿಡಿದರೂ ಅದು ಜಾರುವುದೇ ಹೊರತು ನಿಲ್ಲಿಸಲಾರದು. ಆದ್ದರಿಂದ ಗಾಡಿಯನ್ನು ನಿಲ್ಲಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮುಂದಿನ ಬ್ರೇಕಿನದೇ. ಅದನ್ನು ಒಮ್ಮೆಲೇ ಕಿತ್ತು ಹಿಡಿಯದೆ, ನಿಂಬೆಹಣ್ಣನ್ನು ಹಿಂಡುವಂತೆ ಕ್ರಮಕ್ರಮವಾಗಿ ಒತ್ತುತ್ತ ಹೋಗಬೇಕು.

ಈ ವಿಚಾರವೆಲ್ಲ ನನ್ನ ಮುಂದೆ ಬಂದದ್ದು ನಮ್ಮ ಮನೆಯ ಒಂದು ಹಳೆಯ ಯೆಜ್ಡಿ ಗಾಡಿಯ ಮಾರಾಟದ ಸಂದರ್ಭದಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಈ ಗಾಡಿಗಳನ್ನು ನಮ್ಮ ತಲೆಮಾರಿನವರಿಗೆ ಪರಿಚಯಿಸಬೇಕಾಗಿಲ್ಲ. ಅರವತ್ತರ ದಶಕದಿಂದ ಅಲ್ಲಿ ಜಾವಾ ಗಾಡಿಗಳು ತಯಾರಾದವು. 1973ರಿಂದ ಯೆಜ್ಡಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಸ್ಟಾರ್ಟ್ ಮಾಡುವ ಕಿಕ್ಕೇ ಗೇರೂ ಆಗುವ ಆ ಗಾಡಿಯ ಶಬ್ದವನ್ನು ಅರ್ಧ ಮೈಲಿಯಿಂದಲೇ ಗುರುತಿಸಿ, “ಸಾವಕಾರರ ಫಟಫಟಿ ಬಂತು” ಎಂದು ಹಳ್ಳಿಯ ಹುಡುಗರು ಓಡಿ ಬರುತ್ತಿದ್ದ ಕಾಲವೊಂದಿತ್ತು. ನಮ್ಮ ಗಾಡಿಯ ನೋಂದಣಿಯನ್ನು ಹದಿನೈದು ವರ್ಷಗಳ ನಂತರ ಐದೈದು ವರ್ಷಕ್ಕೊಮ್ಮೆ ನವೀಕರಿಸುತ್ತ ಬರಲಾಗಿದ್ದು, ಇತ್ತೀಚೆಗೆ ಅದು ಗೋದಾಮಿನ ನೆರಳಿನಲ್ಲಿ ನಿಲ್ಲುವುದೇ ಹೆಚ್ಚಾಗಿತ್ತು.

ತಾಂಬಾ ರಸ್ತೆಯ ಹಳ್ಳಿಯೊಂದರಿಂದ ನಿತ್ಯ ಅಂಗಡಿಗೆ ಬರುವ ನಮ್ಮ ಗುಮಾಸ್ತರು ಆ ಗಾಡಿಯನ್ನು ಕೇಳಿದರು. ನನ್ನ ತಮ್ಮನ ಮಗ ಬೆಲೆಯನ್ನು ಗೊತ್ತುಮಾಡಿದ. ಸಂಬಳದಲ್ಲಿ ಕಂತುಕಂತಾಗಿ ಮುರಿದುಕೊಳ್ಳುವುದೆಂದೂ ತೀರ್ಮಾನವಾಯಿತು. ಕೊಡುವ ಮೊದಲು ಅಂಗಳದಲ್ಲಿ ನಿಲ್ಲಿಸಿ ನೋಡಿದಾಗ ಮುಂದಿನ ಬ್ರೇಕಿನ ಹಿಡಿಕೆ ಹ್ಯಾಂಡಲಿಗೆ ತಾಗುವವರೆಗೆ ಬರುತ್ತಿತ್ತು. ಹಿಡಿದುಕೊಂಡೇ ಮುಂದಕ್ಕೆ ತಳ್ಳಿದರೆ ಗಾಡಿ ಮೆಲ್ಲನೆ ಉರುಳುತ್ತಿತ್ತು.

“ಕಾಕಾ, ಅವರಿಗೆ ಗೊತ್ತೈತಿ. ಅದಕ್ಕಽ ರೇಟ ಕಮ್ಮಿ ಮಾಡೀನಿ” ಎಂದ ನಮ್ಮ ಹುಡುಗ.

ಗುಮಾಸ್ತರೂ ಅದಕ್ಕೆ ದನಿಗೂಡಿಸಿದರು: “ಹಿಂದಿನ ಬ್ರೇಕ ಐತಲ್ರಿ ಸಾವಕಾರ್ರ, ನನಗ ಅಷ್ಟಽ ಸಾಕ್ರಿ. ನಾ ಏನ್ ಜೋರ ಹೊಡ್ಯಾಂವಲ್ಲ.”

ಕೊಡುವವನು ಮುಚ್ಚಿಡಲಿಲ್ಲ, ಕೊಳ್ಳುವವನು ತಿಳಿದೇ ಒಪ್ಪಿದ. ವ್ಯವಹಾರದ ನೀತಿಯ ದೃಷ್ಟಿಯಿಂದ ಇಲ್ಲಿ ದೋಷವಿಲ್ಲವೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಈ ಒಪ್ಪಂದದಲ್ಲಿ ಪಾಲುದಾರರಾಗದ ಮೂರನೆಯವರು ಯಾರು ಎಂಬುದನ್ನು ನೋಡಬೇಕು. ಗುಮಾಸ್ತರ ಹಿಂದೆ ಕುಳಿತು ಬರುವ ಅವರ ಪತ್ನಿ ಹಾಗೂ ಮಗಳು ಈ ಬೆಲೆಯನ್ನು ಚೌಕಾಶಿ ಮಾಡಿದವರಲ್ಲ. ಕಬ್ಬಿನ ಹಂಗಾಮಿನಲ್ಲಿ ರಸ್ತೆಯ ಪಕ್ಕ ನಡೆಯುವ ಎತ್ತುಗಳು, ಸಂಜೆ ಹಟ್ಟಿಗೆ ಮರಳುವ ಕುರಿಯ ಹಿಂಡು, ಬೀದಿಯ ನಾಯಿ, ಬಸ್ಸಿಳಿದು ರಸ್ತೆ ದಾಟುವ ಮುದುಕಿ, ಇವರಾರೂ ಕಡಿಮೆ ಬೆಲೆಯ ಲಾಭವನ್ನು ಪಡೆದಿಲ್ಲ. ಅಪಾಯದ ಪಾಲು ಮಾತ್ರ ಅವರಿಗೆ ಸಂದಿದೆ. ಇಬ್ಬರು ಸೇರಿ ಮೂರನೆಯವನ ಜೀವದ ಮೇಲೆ ರಿಯಾಯಿತಿ ಕೊಟ್ಟುಕೊಳ್ಳಲು ಬರುವುದಿಲ್ಲ.

ಶ್ರಾವಕಾಚಾರದಲ್ಲಿ ಇದಕ್ಕೊಂದು ಹೆಸರೇ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ: ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆ. ಇವುಗಳಲ್ಲಿ ಹಿಂಸೆಗೆ ಸಾಧನವಾಗುವ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಕತ್ತಿ, ಕೊಡಲಿಗಳನ್ನಷ್ಟೇ ನೆನೆಸಿಕೊಂಡು ನಾವು ನಿಶ್ಚಿಂತರಾಗಿರುತ್ತೇವೆ. ನಿಲ್ಲದ ಗಾಡಿಯೂ ಆ ಪಟ್ಟಿಗೆ ಸೇರತಕ್ಕದ್ದೇ. ದಾನವಾಗಿ ಕೊಟ್ಟರೂ ಕಂತಿನ ಮೇಲೆ ಕೊಟ್ಟರೂ ಕೊಟ್ಟ ವಸ್ತುವಿನ ಸ್ವಭಾವ ಬದಲಾಗುವುದಿಲ್ಲ. ಹೀಗೆ ಯೋಚಿಸಿ, ಬ್ರೇಕು ಸರಿಯಾಗುವವರೆಗೆ ಗಾಡಿ ಅಂಗಳ ಬಿಡಬಾರದೆಂದೂ, ಖರ್ಚು ಅಂಗಡಿಯದೆಂದೂ ತಿಳಿಸಿದೆನು.

ಇನ್ನು ರೋಗನಿದಾನದ ಮಾತು. ನಾನು ಬಿ.ಕಾಂ. ಓದಿ ಕಾಳುಕಡಿಯ ಅಂಗಡಿಯಲ್ಲಿ ಕುಳಿತವನು. ಆದರೂ ಮಿಸ್ತ್ರಿಯ ಪಕ್ಕದಲ್ಲಿ ಎರಡು ದಿನ ಕುಳಿತು ನೋಡಿದ್ದರಿಂದ ತಿಳಿದದ್ದನ್ನು ಓದುಗರ ಉಪಯೋಗಕ್ಕಾಗಿ ಬರೆಯುತ್ತೇನೆ. ಹಳೆಯ ಗಾಡಿಗಳ ಮುಂದಿನ ಬ್ರೇಕು ಸಾಮಾನ್ಯವಾಗಿ ಡ್ರಮ್ ಬ್ರೇಕು. ಕೈಹಿಡಿಕೆಯನ್ನು ಎಳೆದಾಗ ತಂತಿಯ ಕೇಬಲ್ಲು ಚಕ್ರದ ಪಕ್ಕದಲ್ಲಿರುವ ಒಂದು ತೋಳನ್ನು ಎಳೆಯುತ್ತದೆ. ತೋಳು ಕ್ಯಾಮನ್ನು ತಿರುಗಿಸುತ್ತದೆ. ಕ್ಯಾಮು ಅರ್ಧಚಂದ್ರಾಕಾರದ ಎರಡು ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಶೂಗಳ ಮೇಲಿನ ಲೈನರು ತಿರುಗುವ ಡ್ರಮ್ಮಿನ ಒಳಮೈಗೆ ಉಜ್ಜಿ ಚಕ್ರವನ್ನು ತಡೆಯುತ್ತದೆ. ಕೈಯಿಂದ ಲೈನರಿನವರೆಗಿನ ಈ ಸರಪಳಿಯಲ್ಲಿ ಯಾವ ಕೊಂಡಿ ಸಡಿಲವಾದರೂ ಹಿಡಿಕೆಗೆ ತಿಳಿಯುವುದು ಒಂದೇ ಲಕ್ಷಣ: ಬ್ರೇಕು ಹಿಡಿಯುವುದಿಲ್ಲ. ಆದ್ದರಿಂದ ಲಕ್ಷಣವನ್ನು ಕಂಡು ಔಷಧಿ ಕೊಡುವುದು ಸಲ್ಲದು. ಹೊರಗಿನಿಂದ ಒಳಗೆ ಒಂದೊಂದೇ ಕೊಂಡಿಯನ್ನು ಪರೀಕ್ಷಿಸುತ್ತ ಹೋಗಬೇಕು.

ಮೊದಲನೆಯದು ಕೇಬಲ್ಲು. ಅದರ ಎಳೆಗಳು ತುದಿಯಲ್ಲಿ ಹರಿದಿವೆಯೇ, ಹೊರಕವಚ ಒಡೆದಿದೆಯೇ, ಎಲ್ಲಿಯಾದರೂ ಚೂಪಾಗಿ ಬಾಗಿದೆಯೇ, ಒಳಗೆ ಎಣ್ಣೆಯಾರಿ ಬಿಗಿಯಾಗಿದೆಯೇ ಎಂದು ನೋಡಬೇಕು. ಎಳೆ ಹರಿದ ಕೇಬಲ್ಲಿಗೆ ರಿಪೇರಿಯಿಲ್ಲ, ಬದಲಾಯಿಸುವುದೊಂದೇ ದಾರಿ. ನಮ್ಮ ಗಾಡಿಯಲ್ಲಿ ಕೇಬಲ್ಲಿಗೆ ಎಣ್ಣೆ ಆರಿತ್ತು, ಎಳೆಗಳು ಗಟ್ಟಿಯಾಗಿದ್ದವು. ಎರಡನೆಯದು ಬಿಗಿಮಾಡುವ ತಿರುಪು. ಅದು ಈಗಾಗಲೇ ಕೊನೆಯವರೆಗೆ ಬಂದಿದ್ದರೆ, ಒಳಗೆ ಲೈನರು ಸವೆದಿದೆ ಎಂದೇ ಅರ್ಥ. ಮೂರನೆಯದು ಚಕ್ರದ ಬಳಿಯ ತೋಳಿನ ಕೋನ. ಬ್ರೇಕು ಪೂರ್ತಿ ಹಿಡಿದಾಗ ಕೇಬಲ್ಲಿಗೂ ತೋಳಿಗೂ ನಡುವೆ ಹೆಚ್ಚುಕಡಿಮೆ ಕಾಟಕೋನವಿರಬೇಕು. ತೋಳು ಅದನ್ನು ದಾಟಿ ಮುಂದೆ ಹೋದರೆ ಕೈಯ ಬಲ ವ್ಯರ್ಥವಾಗುತ್ತದೆ. ನಮ್ಮ ಗಾಡಿಯಲ್ಲಿ ತಿರುಪು ಮುಗಿದಿತ್ತು, ತೋಳು ಕಾಟಕೋನವನ್ನು ದಾಟಿತ್ತು.

ಇಲ್ಲಿ ಒಂದು ಅಡ್ಡದಾರಿಯಿದೆ. ಕೆಲವು ಗಾಡಿಗಳಲ್ಲಿ ಈ ತೋಳನ್ನು ಬಿಚ್ಚಿ ಒಂದು ಹಲ್ಲು ಹಿಂದಕ್ಕೆ ಕೂರಿಸಿದರೆ ಹಿಡಿಕೆ ಒಡನೆಯೇ ಬಿಗಿಯಾಗುತ್ತದೆ. ಗಿರಾಕಿ ಸಂತೋಷಪಡುತ್ತಾನೆ. ಆದರೆ ಒಳಗಿನ ಲೈನರು ಸವೆದದ್ದು ಸವೆದೇ ಇರುತ್ತದೆ. ಸವೆತವನ್ನು ತೋರಿಸಬೇಕಾದ ಗುರುತೊಂದು ಅಳಿಸಿಹೋದಂತಾಗುತ್ತದೆ, ಅಷ್ಟೇ. ಲೈನರು ಇನ್ನೂ ಸವೆದು ಕ್ಯಾಮು ತೀರ ಅಡ್ಡ ತಿರುಗಿದರೆ ಅದು ಹಿಂದಿರುಗದೆ ಸಿಕ್ಕಿಕೊಂಡು ಚಕ್ರವೇ ಕಟ್ಟಿಹೋಗುವ ಭಯವೂ ಉಂಟು. ಲೆಕ್ಕಪತ್ರದಲ್ಲಿ ನಷ್ಟವನ್ನು ಬೇರೆ ಶೀರ್ಷಿಕೆಗೆ ವರ್ಗಾಯಿಸಿ ಲಾಭ ತೋರಿಸುವವರಿಗೂ ಈ ಉಪಾಯಕ್ಕೂ ಹೆಚ್ಚಿನ ಅಂತರವಿಲ್ಲ.

ಚಕ್ರವನ್ನು ಬಿಚ್ಚಿದಾಗ ನಿಜಸಂಗತಿ ಹೊರಬಿದ್ದಿತು. ಲೈನರು ತೆಳುವಾಗಿತ್ತು, ಸಾಮಾನ್ಯವಾಗಿ 2 ಮಿ.ಮೀ.ಗೆ ಇಳಿದ ಲೈನರನ್ನು ಬದಲಾಯಿಸಬೇಕೆನ್ನುತ್ತಾರೆ. ಉಳಿದ ಭಾಗವೂ ಕನ್ನಡಿಯಂತೆ ಹೊಳೆಯುತ್ತಿತ್ತು. ಲೈನರು ಬಿಸಿಗೆ ಕಾದು ಹೀಗೆ ನುಣುಪಾದರೆ ಉಜ್ಜುವ ಗುಣ ಹೋಗುತ್ತದೆ. ನುಣುಪಷ್ಟೇ ಆಗಿದ್ದರೆ ಉಪ್ಪುಕಾಗದದಿಂದ ತಿಕ್ಕಿ ಸರಿಪಡಿಸಬಹುದು. ಆದರೆ ಒಂದು ಶೂವಿನ ಅಂಚು ಜಿಡ್ಡಿನಿಂದ ಕಪ್ಪಾಗಿತ್ತು. ಜಿಡ್ಡು ಹೀರಿದ ಲೈನರನ್ನು ಎಷ್ಟು ತೊಳೆದರೂ ಬಿಸಿಯಾದಾಗ ಅದು ಮತ್ತೆ ಬೆವರುತ್ತದೆ. ಅದನ್ನು ಎಸೆಯಲೇಬೇಕು.

ಮಿಸ್ತ್ರಿ ಹೊಸ ಶೂ ತರಿಸಿ ಹಾಕಿಬಿಡೋಣವೆಂದರು. ಆ ಜಿಡ್ಡು ಎಲ್ಲಿಂದ ಬಂದಿತೆಂದು ಕೇಳಿದೆ. ಚಕ್ರದ ಬೇರಿಂಗಿಗೆ ತುಂಬಿದ ಗ್ರೀಸು ಹೊರಬರದಂತೆ ತಡೆಯುವ ಸೀಲು ವಯಸ್ಸಾಗಿ ಗಡುಸಾಗಿತ್ತು. ಗ್ರೀಸನ್ನೂ ಅಳತೆ ಮೀರಿ ತುಂಬಲಾಗಿತ್ತು. ಬಿಸಿಗೆ ಕರಗಿದ ಗ್ರೀಸು ಹನಿಹನಿಯಾಗಿ ಡ್ರಮ್ಮಿಗೆ ಇಳಿದಿತ್ತು. ಸೀಲನ್ನು ಬಿಟ್ಟು ಶೂವನ್ನು ಮಾತ್ರ ಬದಲಾಯಿಸಿದ್ದರೆ ಕೆಲವೇ ತಿಂಗಳಲ್ಲಿ ಹೊಸ ಲೈನರೂ ಅದೇ ಗತಿಗೆ ಬರುತ್ತಿತ್ತು.

ತತ್ತ್ವಾರ್ಥಸೂತ್ರದ ಪಾಠದಲ್ಲಿ ಆಸ್ರವ, ಬಂಧ, ಸಂವರ, ನಿರ್ಜರೆಗಳನ್ನು ತಿಳಿಸುವಾಗ ತೂತುಬಿದ್ದ ದೋಣಿಯ ದೃಷ್ಟಾಂತವನ್ನು ಕೊಡುವುದು ವಾಡಿಕೆ. ನೀರು ಒಳಬರುವ ತೂತನ್ನು ಮುಚ್ಚದೆ ಒಳಗಿನ ನೀರನ್ನು ಎಷ್ಟು ಮೊಗೆದರೂ ದೋಣಿ ತೇಲದು. ನಮ್ಮ ಬಯಲುಸೀಮೆಯ ಮಕ್ಕಳಿಗೆ ದೋಣಿಗಿಂತ ಈ ಸೀಲಿನ ದೃಷ್ಟಾಂತವೇ ಬೇಗ ತಿಳಿಯಬಹುದೆಂದು ನನಗೆ ತೋರಿತು. ಗ್ರೀಸು ಇಳಿಯುವುದು ಆಸ್ರವ, ಲೈನರು ಅದನ್ನು ಹೀರಿಕೊಳ್ಳುವುದು ಬಂಧ, ಹೊಸ ಸೀಲು ಹಾಕುವುದು ಸಂವರ, ಅಂಟಿದ ಜಿಡ್ಡನ್ನು ತೆಗೆಯುವುದು ನಿರ್ಜರೆ. ಸಂವರವಿಲ್ಲದ ನಿರ್ಜರೆಯಿಂದ ಮೋಕ್ಷಮಾರ್ಗ ಸಾಗದು ಎಂಬುದನ್ನು ಪರ್ವದಿನದ ಉಪವಾಸಗಳಿಗೂ ಅನ್ವಯಿಸಿ ನೋಡಿಕೊಳ್ಳಬಹುದು. ದಶಲಕ್ಷಣದ ಹತ್ತು ದಿನ ತೊಳೆದು, ಉಳಿದ ದಿನಗಳಲ್ಲಿ ಸೀಲನ್ನು ಸಡಿಲ ಬಿಟ್ಟರೆ ಫಲವೇನು?

ಹೊಸ ಶೂಗಳನ್ನು ಕೊಳ್ಳುವಾಗ ಇನ್ನೊಂದು ಪ್ರಶ್ನೆ ಎದುರಾಯಿತು. ಕಾರ್ಖಾನೆ 1996ರಲ್ಲಿಯೇ ಮುಚ್ಚಿದ್ದರಿಂದ ಆ ಗಾಡಿಯ ಅಸಲು ಬಿಡಿಭಾಗ ಅಪರೂಪ. 2022ರಲ್ಲಿ ಯೆಜ್ಡಿ ಹೆಸರಿನ ಗಾಡಿಗಳು ಮತ್ತೆ ಮಾರುಕಟ್ಟೆಗೆ ಬಂದವಾದರೂ ಅವು ಬೇರೆಯೇ ರಚನೆಯವು. ಹಳೆಯ ದಾಸ್ತಾನು, ಇತರರು ತಯಾರಿಸಿದ ಮಾಲು, ಹಳೆಯ ಶೂವಿಗೆ ಹೊಸ ಲೈನರು ಅಂಟಿಸಿಕೊಡುವವರು, ಹೀಗೆ ಮೂರು ದಾರಿಗಳು ಉಳಿಯುತ್ತವೆ. ಇತರರು ತಯಾರಿಸಿದ ಮಾಲು ಎಂದ ಮಾತ್ರಕ್ಕೆ ಅದು ಕೆಟ್ಟದ್ದಲ್ಲ. ತನ್ನ ಹೆಸರಿನಲ್ಲಿಯೇ ತಯಾರಿಸಿ ತನ್ನ ಹೆಸರಿನಲ್ಲಿಯೇ ಮಾರಿದರೆ ಅದು ಪ್ರಾಮಾಣಿಕ ವ್ಯಾಪಾರ. ಆದರೆ ಒಂದು ಅಂಗಡಿಯಲ್ಲಿ ಅಸಲು ಕಂಪನಿಯ ಹೆಸರು ಅಚ್ಚಾದ ಹೊಚ್ಚಹೊಸ ಡಬ್ಬಿಯಲ್ಲಿ ಶೂಗಳನ್ನು ತೋರಿಸಿದರು. ಮುಚ್ಚಿ ಇಷ್ಟು ವರ್ಷಗಳಾದ ಕಾರ್ಖಾನೆಯ ಡಬ್ಬಿಗೆ ಇಷ್ಟು ಹೊಳಪು ಎಲ್ಲಿಂದ ಬರಬೇಕು? ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕವ್ಯವಹಾರವೂ ಒಂದು: ಅಸಲಿನಂತೆ ಕಾಣುವ ಕೀಳು ವಸ್ತುವನ್ನು ಅಸಲೆಂದು ಮಾರುವುದು. ತುಪ್ಪದಲ್ಲಿ ಬೆರಕೆಯಾದರೆ ನಾಲಿಗೆ ತಿಳಿಸುತ್ತದೆ. ಲೈನರಿನ ಬೆರಕೆ ತಿಳಿಯುವುದು ಬಸ್ಸು ಎದುರಿಗೆ ಬಂದಾಗ ಮಾತ್ರ. ನಮ್ಮ ಸಮಾಜದಲ್ಲಿ ಬಿಡಿಭಾಗಗಳ ವ್ಯಾಪಾರ ಮಾಡುವ ಬಂಧುಗಳು ಅನೇಕರಿದ್ದಾರೆ. ಅವರ ಮೇಲಿರುವ ಹೊಣೆ ಧಾನ್ಯದ ವ್ಯಾಪಾರಿಯದಕ್ಕಿಂತ ಒಂದು ತೂಕ ಹೆಚ್ಚು ಎಂದೇ ನನ್ನ ಭಾವನೆ. ನಾವು ಕೊನೆಗೆ ಸೊಲ್ಲಾಪುರದಲ್ಲಿ ನುರಿತವರ ಕಡೆಯಿಂದ ಹಳೆಯ ಶೂಗಳಿಗೇ ಹೊಸ ಲೈನರು ಹಾಕಿಸಿದೆವು.

ಹೊಸ ಲೈನರು ಹಾಕಿದೊಡನೆ ಕೆಲಸ ಮುಗಿಯುವುದಿಲ್ಲ ಎಂಬುದು ನನಗೆ ಹೊಸ ಪಾಠವಾಗಿತ್ತು. ಲೈನರಿನ ಬಾಗು ಡ್ರಮ್ಮಿನ ಬಾಗಿಗೆ ಹೊಂದದಿದ್ದರೆ ಅದು ನಡುವೆ ಮಾತ್ರ ಅಥವಾ ತುದಿಗಳಲ್ಲಿ ಮಾತ್ರ ತಾಗುತ್ತದೆ. ಮಿಸ್ತ್ರಿ ಲೈನರಿಗೆ ಸೀಮೆಸುಣ್ಣ ಬಳಿದು, ಚಕ್ರ ಜೋಡಿಸಿ, ಹಗುರಾಗಿ ಬ್ರೇಕು ಹಿಡಿದು ತಿರುಗಿಸಿ, ಮತ್ತೆ ಬಿಚ್ಚಿದರು. ಸುಣ್ಣ ಅಳಿಸಿದ್ದು ಮೂರನೆಯ ಒಂದು ಭಾಗದಲ್ಲಿ ಮಾತ್ರ. ತಾಗಿದ ಉಬ್ಬನ್ನು ಸ್ವಲ್ಪ ಸ್ವಲ್ಪ ಉಜ್ಜಿ, ಮತ್ತೆ ಸುಣ್ಣ ಬಳಿದು ನೋಡಿ, ಹೀಗೆ ನಾಲ್ಕು ಸಲ ಮಾಡಿದ ಮೇಲೆ ಲೈನರಿನ ಬಹುಭಾಗ ಡ್ರಮ್ಮನ್ನು ಮುಟ್ಟಿತು. ಡ್ರಮ್ಮೇ ಓರೆಯಾಗಿ ಸವೆದಿದ್ದರೆ ಲೇತಿಗೆ ಕೊಟ್ಟು ದುಂಡಗೆ ಮಾಡಿಸಬೇಕು, ಅದಕ್ಕೂ ಒಂದು ಮಿತಿಯುಂಟು, ನಮ್ಮದು ಚೆನ್ನಾಗಿತ್ತು. ಕ್ಯಾಮಿನ ತಿರುಗುಮೊಳೆಗೆ ಕಡಲೆಕಾಳಿನಷ್ಟು ಮಾತ್ರ ಗ್ರೀಸು ಹಚ್ಚಿದರು. ಕಡೆಯಲ್ಲಿ ಆಕ್ಸಲ್ಲಿನ ನಟ್ಟನ್ನು ಸಡಿಲಬಿಟ್ಟು, ಚಕ್ರವನ್ನು ತಿರುಗಿಸಿ, ಬ್ರೇಕನ್ನು ಬಿಗಿಯಾಗಿ ಹಿಡಿದುಕೊಂಡೇ ನಟ್ಟನ್ನು ಬಿಗಿಮಾಡಿದರು. ಇದರಿಂದ ಎರಡು ಶೂಗಳೂ ಡ್ರಮ್ಮಿನ ನಟ್ಟನಡುವೆ ತಾವಾಗಿಯೇ ಕೂರುತ್ತವಂತೆ. ಮೊದಲ ನೂರಿನ್ನೂರು ಕಿ.ಮೀ. ಹದವಾಗಿ ಓಡಿಸಿದ ಮೇಲೆ ಲೈನರು ಪೂರ್ತಿ ಹಿಡಿತಕ್ಕೆ ಬರುತ್ತದೆಂದೂ, ಅಲ್ಲಿಯವರೆಗೆ ಹೆಚ್ಚಿನ ಅಂತರ ಬಿಟ್ಟು ಓಡಿಸಬೇಕೆಂದೂ ಗುಮಾಸ್ತರಿಗೆ ಎಚ್ಚರಿಕೆ ಹೇಳಿದರು. ಒಟ್ಟು ಖರ್ಚು ಒಂದು ಚೀಲ ತೊಗರಿಬೇಳೆಯ ಬೆಲೆಯಷ್ಟೂ ಆಗಲಿಲ್ಲ.

ಈ ಕೆಲಸದ ನಡುವೆ ಕಂಡ ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ಡ್ರಮ್ಮು ಬಿಚ್ಚಿದಾಗ ಒಳಗೆ ಬೂದು ಬಣ್ಣದ ಧೂಳು ತುಂಬಿತ್ತು. ಸಹಾಯಕ ಹುಡುಗ ಅದನ್ನು ಬಾಯಿಯಿಂದ ಊದಲು ಮುಂದಾದ, ತಡೆದೆನು. ಹಳೆಯ ಕಾಲದ ಲೈನರುಗಳಲ್ಲಿ ಆಸ್ಬೆಸ್ಟಾಸ್ ನಾರು ಇರುತ್ತಿತ್ತು. ಅದರ ಕಣ್ಣಿಗೆ ಕಾಣದ ಎಳೆಗಳು ಪುಪ್ಪುಸವನ್ನು ಹೊಕ್ಕರೆ ಹಲವು ದಶಕಗಳ ನಂತರವೂ ಅರ್ಬುದರೋಗಕ್ಕೆ ಕಾರಣವಾಗಬಲ್ಲವು. ಯಾವ ಲೈನರಿನಲ್ಲಿ ಅದಿದೆಯೆಂದು ನೋಡಿ ಹೇಳಲಾಗದು. ಆದ್ದರಿಂದ ಊದದೆ, ಗಾಳಿಯ ಪಂಪು ಬಿಡದೆ, ಒದ್ದೆಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕುವುದೇ ಸರಿಯಾದ ಕ್ರಮ. ಬೇರಿಂಗು ತೊಳೆದ ಸೀಮೆಎಣ್ಣೆಯನ್ನು ಗ್ಯಾರೇಜಿನ ಮುಂದಿನ ಮಣ್ಣಿಗೆ ಚೆಲ್ಲುವ ರೂಢಿಯೂ ಇದೆ. ಅಲ್ಲಿರುವ ಇರುವೆ, ಹುಳುಗಳ ಗತಿಯನ್ನು ನೆನೆದು ಅದನ್ನು ಡಬ್ಬಿಯಲ್ಲಿ ಹಿಡಿಸಿದೆವು. ರಸ್ತೆಯ ಜೀವವನ್ನು ಕಾಯಲು ಹೊರಟವರು ಗ್ಯಾರೇಜಿನ ಹುಡುಗನ ಉಸಿರನ್ನು ಮರೆಯುವುದು ಯಾವ ಅಹಿಂಸೆ?

“ಇಷ್ಟು ವರ್ಷ ಏನೂ ಆಗಿಲ್ಲಲ್ರೀ” ಎಂಬುದು ಇಂತಹ ಸಂದರ್ಭಗಳಲ್ಲಿ ಕೇಳಿಬರುವ ಮಾತು. ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದದ ಯೋಗವನ್ನು ಸೇರಿಸಿಯೇ ಹೇಳಿದ್ದಾರೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಚ್ಚರವಿಲ್ಲದೆ ವರ್ತಿಸುವವನಿಗೆ ಎದುರಿನ ಜೀವಿಗೆ ಪೆಟ್ಟಾಗದಿದ್ದರೂ ಹಿಂಸೆ ನಿಶ್ಚಯವೆಂದೂ, ಸಮಿತಿಯಿಂದ ನಡೆಯುವವನಿಗೆ ಅರಿಯದೆ ಆದ ಘಾತದಿಂದ ಬಂಧವಿಲ್ಲವೆಂದೂ ತಿಳಿಸಿದ್ದಾರೆ. ಇದರ ತಾತ್ಪರ್ಯ ಬಹಳ ಗಂಭೀರವಾದದ್ದು. ಅಪಘಾತವಾದ ದಿನದಂದು ಹಿಂಸೆ ಆರಂಭವಾಗುವುದಿಲ್ಲ. ಬ್ರೇಕು ಸಡಿಲವೆಂದು ತಿಳಿದೂ ಗಾಡಿ ಹತ್ತಿದ ಕ್ಷಣದಲ್ಲಿಯೇ ಅದು ಆರಂಭವಾಗಿರುತ್ತದೆ. ಯಾರೂ ಅಡ್ಡ ಬರಲಿಲ್ಲವೆಂಬುದು ಅವರ ಪುಣ್ಯ, ನಮ್ಮ ಸಂಯಮವಲ್ಲ.

ಹೊರೆಯ ಮಾತೂ ಇದಕ್ಕೆ ಸೇರಿದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ನಾವು ಎತ್ತು, ಕುದುರೆಗಳಿಗೆ ಮಾತ್ರ ಹೇಳಿದ್ದೆಂದು ತಿಳಿದಿದ್ದೇವೆ. ಯಂತ್ರಕ್ಕೆ ನೋವಿಲ್ಲ, ನಿಜ. ಆದರೆ ಇಬ್ಬರಿಗಾಗಿ ಮಾಡಿದ ಬ್ರೇಕಿನ ಗಾಡಿಯ ಮೇಲೆ ಮೂವರು ಕುಳಿತು, ನಡುವೆ ನಿಂಬೆಯ ಚೀಲವನ್ನೂ ಇಟ್ಟರೆ, ನಿಲ್ಲುವ ದೂರ ಹೆಚ್ಚುತ್ತದೆ. ಆ ಅತಿಭಾರ ಕೊನೆಗೆ ಬೀಳುವುದು ನೋವುಳ್ಳ ಜೀವದ ಮೇಲೆಯೇ.

ಕಾನೂನು ತನ್ನ ಪಾಲಿನ ಕೆಲಸ ಮಾಡಿದೆ. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿ.ಸಿ. ಮೀರಿದ ಹೊಸ ದ್ವಿಚಕ್ರ ವಾಹನಗಳಲ್ಲಿ ಚಕ್ರ ಕಟ್ಟಿಹೋಗದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯೂ, ಅದಕ್ಕಿಂತ ಚಿಕ್ಕವುಗಳಲ್ಲಿ ಅದು ಇಲ್ಲವೇ ಎರಡೂ ಬ್ರೇಕು ಕೂಡಿ ಹಿಡಿಯುವ ವ್ಯವಸ್ಥೆಯೂ ಕಡ್ಡಾಯವಾದವು. ಆದರೆ ಅದಕ್ಕೂ ಮೊದಲಿನ ಗಾಡಿಗಳು ನಮ್ಮ ತಾಲ್ಲೂಕುಗಳ ರಸ್ತೆಗಳಲ್ಲಿ ಇನ್ನೂ ಓಡುತ್ತಿವೆ. ನವೀಕರಣದ ದಿನ ತಪಾಸಣೆಯಲ್ಲಿ ಪಾಸಾದ ಬ್ರೇಕು ಮರುವರ್ಷವೂ ಹಾಗೆಯೇ ಇರುತ್ತದೆಂಬ ಭರವಸೆಯಿಲ್ಲ. ಐದು ವರ್ಷಕ್ಕೊಮ್ಮೆ ಬರುವ ಅಧಿಕಾರಿಯ ಕಣ್ಣಿಗಿಂತ ನಿತ್ಯ ಗಾಡಿ ಹತ್ತುವವನ ಕೈಯೇ ಒಳ್ಳೆಯ ಪರೀಕ್ಷಕ.

ಬಸದಿಗಳ ವಿಶ್ವಸ್ತ ಮಂಡಳಿಗಳಿಗೆ ನನ್ನ ವಿನಂತಿಯೊಂದಿದೆ. ವಿಹಾರದಲ್ಲಿರುವ ಮುನಿಗಳೂ ಆರ್ಯಿಕೆಯರೂ ಹೆದ್ದಾರಿಯ ಅಂಚಿನಲ್ಲಿ ವಾಹನಕ್ಕೆ ಸಿಲುಕಿ ಸಮಾಧಿಯಾದ ದುಃಖದ ಸುದ್ದಿಗಳನ್ನು ನಾವು ಮತ್ತೆ ಮತ್ತೆ ಕೇಳಿದ್ದೇವೆ. ಸೊಲ್ಲಾಪುರ–ವಿಜಯಪುರ ಹೆದ್ದಾರಿಯಲ್ಲಿ ಝಳಕಿ, ಹೊರ್ತಿಗಳ ಮೂಲಕ ಸಂಘ ಬರುವಾಗ ನಮ್ಮ ತರುಣರು ಮೋಟಾರ್ ಸೈಕಲ್ಲುಗಳ ಮೇಲೆ ಹಿಂದೆ ಮುಂದೆ ಕಾವಲಾಗಿ ಹೋಗುತ್ತಾರೆ. ಅವರ ಭಕ್ತಿ ಮೆಚ್ಚತಕ್ಕದ್ದು. ಆದರೆ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವ ಪೂಜ್ಯರ ಪಕ್ಕದಲ್ಲಿ ನಲವತ್ತು ಮೊಳದಲ್ಲಿಯೂ ನಿಲ್ಲಲಾಗದ ಗಾಡಿ ಓಡಬಾರದು. ವಿಹಾರದ ಹಿಂದಿನ ದಿನ ಬಸದಿಯ ಅಂಗಳದಲ್ಲಿ ಆ ಗಾಡಿಗಳನ್ನೆಲ್ಲ ನಿಲ್ಲಿಸಿ, ಒಬ್ಬ ಮಿಸ್ತ್ರಿಯನ್ನು ಕರೆಸಿ, ಇಷ್ಟನ್ನು ನೋಡಿಸಿದರೆ ಸಾಕು: ಹಿಡಿಕೆ ಹ್ಯಾಂಡಲಿಗೆ ತಾಗುವ ಮೊದಲೇ ಬ್ರೇಕು ಹಿಡಿಯುತ್ತದೆಯೇ, ಹಿಡಿದಾಗ ಗಾಡಿ ತಳ್ಳಿದರೂ ಕದಲದಿರುತ್ತದೆಯೇ, ಬಿಟ್ಟಾಗ ಚಕ್ರ ಸರಾಗವಾಗಿ ತಿರುಗುತ್ತದೆಯೇ, ಕೇಬಲ್ಲಿನ ಎಳೆ ಹರಿದಿದೆಯೇ, ಬಿಗಿಮಾಡುವ ತಿರುಪಿನಲ್ಲಿ ಇನ್ನೂ ಅವಕಾಶ ಉಳಿದಿದೆಯೇ. ಡಿಸ್ಕ್ ಬ್ರೇಕಿನ ಗಾಡಿಯಾದರೆ ಪ್ಯಾಡಿನ ದಪ್ಪವನ್ನೂ ಬ್ರೇಕ್ ಎಣ್ಣೆಯ ಮಟ್ಟವನ್ನೂ ನೋಡಬೇಕು. ಒಂದು ಗಾಡಿಗೆ ಐದು ನಿಮಿಷದ ಕೆಲಸ. ದುರಸ್ತಿಗೆ ಹಣವಿಲ್ಲದ ಹುಡುಗನಿಗೆ ಬಸದಿಯ ನಿಧಿಯಿಂದ ಕೊಟ್ಟರೆ ಅದು ಅಭಯದಾನವೆಂದೇ ನಾನು ತಿಳಿಯುತ್ತೇನೆ. ಆಹಾರದಾನ, ಶಾಸ್ತ್ರದಾನಗಳ ಫಲಕಗಳ ನಡುವೆ ಬ್ರೇಕಿನ ಲೈನರಿಗೆ ಕೊಟ್ಟವರ ಹೆಸರು ಕೆತ್ತಿಸುವ ಅಗತ್ಯವೇನಿಲ್ಲ.

ಗೃಹಸ್ಥರಾದ ನಾವು ಪಾದರಕ್ಷೆ ತೊರೆದು, ವಾಹನ ತ್ಯಜಿಸಿ ಬದುಕಲಾರೆವು. ವೇಗವನ್ನು ಪರಿಗ್ರಹವಾಗಿ ಇಟ್ಟುಕೊಂಡಿದ್ದೇವೆ. ಇಟ್ಟುಕೊಂಡ ಪರಿಗ್ರಹಕ್ಕೆ ಪರಿಮಾಣವಿರಬೇಕೆಂಬುದು ನಮ್ಮ ಐದನೆಯ ಅಣುವ್ರತ. ವೇಗದ ಪರಿಮಾಣ ಯಾವುದೆಂದು ಕೇಳಿದರೆ, ನನಗೆ ತಿಳಿದ ಮಟ್ಟಿಗೆ, ಕಣ್ಣಿಗೆ ಕಂಡಷ್ಟು ದೂರದೊಳಗೆ ನಿಲ್ಲಬಲ್ಲಷ್ಟು ಮಾತ್ರ. ಚಾತುರ್ಮಾಸ ಮುಗಿದು ವಿಹಾರಗಳು ಆರಂಭವಾಗುವ ಮುನ್ನ ಪ್ರತಿಯೊಂದು ಮನೆಯವರೂ ತಮ್ಮ ಗಾಡಿಯ ಮುಂದಿನ ಬ್ರೇಕನ್ನು ಒಮ್ಮೆ ಹಿಡಿದು, ಗಾಡಿಯನ್ನು ತಳ್ಳಿ ನೋಡಲಿ.

ಜೈ ಜಿನೇಂದ್ರ.